ಮರಳು ತುಂಬಿದ ಭಾವ

"ಕೊಬ್ಬೇ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ? ನನ್ನ ನೋಡಿ, ಇಬ್ಬರಿಗಾಗೋಷ್ಟು ಹೊತ್ಕೊಂಡು ತಿರುಗ್ತೀನಿ," ಎಂದು ಅಕ್ಕ ನಕ್ಕಳು. ಡಾಕ್ಟರಮ್ಮ ನಗಲಿಲ್ಲ.

ಮಂಚದ ಮೇಲೆ ತಂಗಿ ಎದೆಗೆ ಹಚ್ಚಿದ್ದ ಅಂಟನ್ನು ಒರೆಸಿಕೊಳ್ಳುತ್ತಿದ್ದಳು. ಹೃದಯದ ಸ್ಕ್ಯಾನ್ ಆಗಷ್ಟೇ ಮುಗಿದಿತ್ತು. ಅದಕ್ಕೂ ಮುಂಚೆ ಎಲ್ಲಿಗೂ ಹೋಗದ ಸೈಕಲ್ಲೊಂದನ್ನು ತುಳಿಸಿದ್ದರು. ಅವಳ ತೋಳು ತೊಡೆಗಳಲ್ಲಿ ನರಗಳು ಹೊಸೆದಿಟ್ಟಂತೆ ಎದ್ದು ಕಾಣುತ್ತಿದ್ದವು. ಮನೆಯಲ್ಲಿ ಅವಳನ್ನು ಕರೆಯುವುದೇ ಹುರಿ ಎಂದು. ಮುಂದಿನ ವಾರ ಅಗ್ನಿಶಾಮಕ ದಳದ ದೈಹಿಕ ಪರೀಕ್ಷೆ. ಹೃದಯ ಸರಿಯಿದೆಯೆಂದು ಡಾಕ್ಟರ ಸಹಿ ಬಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಒಂದು ಸಹಿಗೆ ಇಷ್ಟು ಹೊತ್ತೇ, ಅಂಗಡಿ ಬಾಗಿಲು ಹಾಕಿ ಬಂದಿದ್ದೇನಲ್ಲ ಎಂಬ ಗಡಿಬಿಡಿ ಅಕ್ಕನದು.

"ಕೊಬ್ಬು ಅಂದ್ರೆ ಬರೀ ಉಗ್ರಾಣ ಅಂದ್ಕೊಂಡಿದ್ದೀರಿ," ಎಂದರು ಡಾಕ್ಟರಮ್ಮ. "ಹಾಗಲ್ಲ. ಅದು ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತೆ. ಓಡಿದಾಗ, ಭಾರ ಎತ್ತಿದಾಗ ಹೃದಯ ಹೇಗೆ ಹೊಂದ್ಕೋಬೇಕು ಅನ್ನೋದ್ರಲ್ಲಿ ಅದಕ್ಕೂ ಪಾಲಿದೆ. ತುಂಬಾ ಜಾಸ್ತಿಯಾದ್ರೆ ಆ ಲೆಕ್ಕ ಕೆಡುತ್ತೆ. ಅದು ನಿಮ್ಮ ಕಥೆ, ಆಮೇಲೆ ಮಾತಾಡೋಣ. ಇವಳಿಗೆ ಹುಟ್ಟಿನಿಂದ್ಲೇ ಚರ್ಮದ ಕೆಳಗೆ ಕೊಬ್ಬಿಲ್ಲ. ಹೃದಯಕ್ಕೆ ಹೇಳಿಕೊಡೋರೇ ಇಲ್ಲ. ತಿಂದ ಜಿಡ್ಡೆಲ್ಲ ಹೋಗಿ ಲಿವರಲ್ಲಿ ಕೂತಿದೆ, ಹೃದಯದ ಗೋಡೆ ದಪ್ಪ ಆಗ್ತಾ ಬಂದಿದೆ."

"ವ್ಯಾಯಾಮ ಮಾಡಿದ್ರೆ ದಪ್ಪ ಆಗೋದು ಸಹಜ ತಾನೇ?" ಹುರಿ ಕೇಳಿದಳು.

"ಬೇರೆಯವರಿಗೆ ಗೋಡೆ ಜೊತೆ ಒಳಗಿನ ಕೋಣೆನೂ ದೊಡ್ಡದಾಗುತ್ತೆ. ನಿನ್ನದು ಒಳಮುಖವಾಗಿ ದಪ್ಪ ಆಗಿದೆ. ರಕ್ತ ತುಂಬ್ಕೊಳ್ಳೋಕೆ ಜಾಗ ಸಾಲ್ತಿಲ್ಲ. ಸೈಕಲ್ ತುಳಿಯುವಾಗ ಬಡಿತ ತಪ್ಪಿತು, ಅದಕ್ಕೇ ನಿಲ್ಲಿಸಿದ್ದು. ಬೆಂಕಿ ಕೆಲಸ ಬೇಡ ಮಗೂ. ಭಾರ ಹೊತ್ತು ಓಡೋದೇ ಬೇಡ."

ಅಕ್ಕ ತನ್ನ ಹೊಟ್ಟೆಯ ಮಡಿಕೆಯೊಂದನ್ನು ಮುಷ್ಟಿಯಲ್ಲಿ ಹಿಡಿದಳು. "ಇಲ್ಲಿಂದ ತೆಗೆದು ಅವಳಿಗೆ ಹಾಕಿ. ಬೇಕಾದಷ್ಟಿದೆ."

ಈ ಸಲ ಅವಳು ನಗುತ್ತಿರಲಿಲ್ಲ.

"ಹಾಕಿದ್ರೂ ಅವಳ ಮೈಯಲ್ಲಿ ನಿಲ್ಲಲ್ಲ. ಕೊಬ್ಬು ಮಾಡ್ಬೇಕಿದ್ದ ಒಂದು ಹಾರ್ಮೋನು ಇಂಜೆಕ್ಷನ್ ಆಗಿ ಸಿಗುತ್ತೆ, ಶುರು ಮಾಡೋಣ. ಲಿವರ್ ಸುಧಾರಿಸಬಹುದು. ಹೃದಯದ ವಿಷಯದಲ್ಲಿ ಮಾತು ಕೊಡಲಾರೆ."

ಬಸ್ಸಿನಲ್ಲಿ ಹುರಿ ಬಾಯಿಬಿಟ್ಟಳು. "ಬೇರೆ ಡಾಕ್ಟ್ರ ಹತ್ರ ಹೋಗೋಣ. ತೋಳು ಮಡಚಿ ತೋರಿಸಿದ್ರೆ ಸಾಕು, ಕಣ್ಣು ಮುಚ್ಕೊಂಡು ಸಹಿ ಹಾಕ್ತಾರೆ."

ಅಕ್ಕ ಕಿಟಕಿಯಾಚೆಯೇ ನೋಡುತ್ತಿದ್ದಳು.

ಅಕ್ಕ ಹಾಸಿಗೆ ಹೊಲಿದು ಮಾರುವ ಅಂಗಡಿ ಕೆಳಗೆ, ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲ ಬುಡದಲ್ಲಿ, ಕುರ್ಚಿಯ ಮೇಲೆ ಭಾವ ಕೂತಿದ್ದ. ಆಳೆತ್ತರದ ಗೊಂಬೆ ಹೊತ್ತು ಮಹಡಿ ಹತ್ತುವುದು ಪರೀಕ್ಷೆಯಲ್ಲಿದೆ ಎಂದು ತಿಳಿದದ್ದೇ ತಡ, ಅಕ್ಕ ದಬ್ಬಳ ಹಿಡಿದು ಕೂತು, ದಪ್ಪ ಬಟ್ಟೆಯಲ್ಲಿ ಕೈಕಾಲು ಹೊಲಿದು, ಮರಳನ್ನೂ ಹಳೇ ಹತ್ತಿಯನ್ನೂ ತುರುಕಿ, ಯಾರೋ ಗಿರಾಕಿ ಬಿಟ್ಟುಹೋದ ಅಂಗಿ ತೊಡಿಸಿದ್ದಳು. ಮದುವೆಯಾಗದ ಅಕ್ಕನಿಗೆ ಅಂತೂ ಗಂಡ ಸಿಕ್ಕ ಎಂದು ಹುರಿ ಆ ಗೊಂಬೆಗೆ ಭಾವ ಎಂದು ಹೆಸರಿಟ್ಟಿದ್ದಳು. "ತಿನ್ನಲ್ಲ, ಕುಡಿಯಲ್ಲ, ಎದುರು ಮಾತಾಡಲ್ಲ. ಇಂಥವನು ಎಲ್ಲಿ ಸಿಗ್ತಾನೆ ಹೇಳಿ?" ಎಂದು ಅಕ್ಕನೂ ಬಂದವರ ಮುಂದೆಲ್ಲ ಹೊಗಳುವಳು.

ದಿನಾ ಬೆಳಿಗ್ಗೆ ಹುರಿ ಭಾವನನ್ನು ಹೆಗಲಿಗೇರಿಸಿಕೊಂಡು ಹತ್ತುವಾಗ ಅಕ್ಕ ಕೆಳಗಿನಿಂದ ಕೂಗಿ ಹುರಿದುಂಬಿಸುತ್ತಿದ್ದಳು. ಹೋದ ತಿಂಗಳು ಕೊನೆಯ ಮೆಟ್ಟಿಲಲ್ಲಿ ಹುರಿ ಎದೆ ಹಿಡಿದುಕೊಂಡು ಕುಸಿದು ಕೂತಿದ್ದಳು, ತುಟಿಯೆಲ್ಲ ಬಿಳಿಚಿಕೊಂಡು. "ನಾಟಕ ಬೇಡ ಕಣೇ, ಇನ್ನೊಂದ್ಸಲ!" ಎಂದಿದ್ದಳು ಅಕ್ಕ. ಇಂದು ಬಸ್ಸಿನ ದಾರಿಯುದ್ದಕ್ಕೂ ಅಕ್ಕನ ಕಿವಿಯಲ್ಲಿ ಅದೇ ಮಾತು.

ಹುರಿ ಚಪ್ಪಲಿ ಬಿಟ್ಟು, ಭಾವನ ಕಂಕುಳಿಗೆ ಕೈ ಹಾಕಿದಳು. "ಒಂದೇ ಸಲ ಅಕ್ಕಾ. ಹತ್ತಿ ಇಳಿದು ತೋರಿಸ್ತೀನಿ, ಏನೂ ಆಗಲ್ಲ."

ಅಕ್ಕ ಹೋಗಿ ಭಾವನ ತೊಡೆಯ ಮೇಲೆ ದೊಪ್ಪನೆ ಕೂತುಬಿಟ್ಟಳು. ಕುರ್ಚಿ ಕಿರುಗುಟ್ಟಿತು. "ಈಗ ಎತ್ತು, ನೋಡೋಣ."

"ಏಳಕ್ಕಾ. ಬೀದಿಯವರೆಲ್ಲ ನೋಡ್ತಿದ್ದಾರೆ. ಗಂಡನ ತೊಡೆ ಮೇಲೆ ಹೀಗಾ ಕೂರೋದು?"

"ನೋಡ್ಲಿ."

ಇಬ್ಬರಿಗೂ ನಗು ಬರಲಿಲ್ಲ. ಹುರಿ ಕೈ ತೆಗೆದು ಮೆಟ್ಟಿಲ ಮೇಲೆ ಕೂತಳು. "ಓದು ಹತ್ತಲಿಲ್ಲ, ಹೊಲಿಗೆ ಬರಲಿಲ್ಲ. ಈ ಮೈ ಒಂದೇ ಇತ್ತು ನನ್ನ ಹತ್ರ."

"ಅದನ್ನೂ ನಾನೇ ಕೂಗಿ ಕೂಗಿ ಹಾಳುಮಾಡಿದೆ."

"ನೀನು ಹೊಲಿದುಕೊಡದಿದ್ರೆ ಇನ್ಯಾವ್ದೋ ಮೂಟೆ ಹೊರ್ತಿದ್ದೆ, ಸುಮ್ನಿರು."

ಅಕ್ಕ ಏದುಸಿರು ಬಿಡುತ್ತಾ ಎದ್ದು, ಅಂಗಡಿಯ ಕತ್ತರಿ ತಂದಳು. ಭಾವನ ಅಂಗಿ ಮೇಲಕ್ಕೆತ್ತಿ ಹೊಟ್ಟೆಯ ಹೊಲಿಗೆಗೆ ಮೊನೆ ಇಟ್ಟಳು. ಬಿಚ್ಚಿಕೊಳ್ಳಬಾರದೆಂದೇ ಹಾಕಿದ ಜೋಡಿ ಹೊಲಿಗೆ. ಬಟ್ಟೆ ಸಡಿಲ, ಕತ್ತರಿ ಜಾರುತ್ತಿತ್ತು.

"ಬೇಡ ಅಕ್ಕಾ."

"ಇದಿದ್ರೆ ನೀನು ಬಿಡಲ್ಲ. ನನಗೆ ಗೊತ್ತು."

ಕತ್ತರಿ ಮತ್ತೆ ಜಾರಿತು. ಹುರಿ ಎದ್ದು ಬಂದು ಕುಕ್ಕರುಗಾಲಲ್ಲಿ ಕೂತು, ಹಳೇ ಹಾಸಿಗೆ ಬಿಚ್ಚುವಾಗ ಚಿಕ್ಕಂದಿನಿಂದ ಹಿಡಿಯುತ್ತಿದ್ದಂತೆಯೇ, ಎರಡೂ ಕೈಯಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಳು. ಮೊದಲ ಎಳೆ ಹರಿಯಿತು. ಅವಳ ಬರಿಗಾಲ ಮೇಲೆ ಮರಳು ಸುರಿಯತೊಡಗಿತು.