ಹಿತ್ತಿಲಿನ ಸೀನ

ಹೊಂಗನೂರಿನ ಮಾಯಣ್ಣನ ಮುಂದೆ ಚೀನಾ ಎಂಬ ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದವರು ಕಾಫಿ ಕುಡಿಯದೆ ಎದ್ದು ಹೋಗಬೇಕಾಗುತ್ತಿತ್ತು. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ, ಚನ್ನಪಟ್ಟಣದ ಬೊಂಬೆ ಮಾಡುತ್ತಲೇ ಅರ್ಧ ಆಯಸ್ಸು ಕಳೆದ ಮನುಷ್ಯ ಅವನು. ಹೆದ್ದಾರಿ ಬದಿಯ ಬೊಂಬೆ ಅಂಗಡಿಗಳಲ್ಲೇ ಚೀನಾದ ಪ್ಲಾಸ್ಟಿಕ್ ಬಂದು ಕೂತ ಮೇಲೆ, ಸಿಟ್ಟು ಅವನ ಮೂಗಿನ ತುದಿಯಲ್ಲಿ ಖಾಯಂ ಆಗಿ ಮನೆ ಮಾಡಿತ್ತು. ತಂಗಿಯ ಮೊಮ್ಮಗಳಿಗೆ ಯಾರೋ ಕೊಡಿಸಿದ್ದ ಹಾಡುವ ಗಿಣಿಯ ಹೊಟ್ಟೆ ತಿರುಗಿಸಿ, ಅಲ್ಲಿದ್ದ ಅಕ್ಷರ ಓದಿಸಿಕೊಂಡು, ಉಳಿಯಲ್ಲಿ ಎರಡು ಹೋಳು ಮಾಡಿದ್ದ. ಹೋಳಾದ ಮೇಲೂ ಆ ಗಿಣಿ ಒಂದಿಷ್ಟು ಹೊತ್ತು ಹಾಡಿತು. ಎಮರ್ಜೆನ್ಸಿ ಲ್ಯಾಂಪು ತಿಪ್ಪೆ ಸೇರಿತು. ಅಂದಿನಿಂದ ಕರೆಂಟು ಹೋದಾಗಲೆಲ್ಲ ಅವನ ಹೆಂಡತಿ ಸರಸಮ್ಮ ಕತ್ತಲಲ್ಲೇ ತಡಕಾಡಿ ಮುದ್ದೆ ಬಡಿಸಬೇಕಾಯಿತು.

ಇಂಥವನ ಮನೆಯ ಹಿತ್ತಿಲಿಗೆ ಸರಸಮ್ಮ ತಿಳಿದೂ ತಿಳಿದೂ ಚೀನಾ ತಂದು ನೆಟ್ಟಳು.

ಅವಳ ಆಸೆ ದೊಡ್ಡದೇನಲ್ಲ. ಕನಕಪುರದಲ್ಲಿರುವ ಮಗಳು ರಮ್ಯಳ ಮನೆಗೆ ಹೋಗಿದ್ದಾಗ ಯಾರೋ ಲಿಚಿ ಹಣ್ಣು ತಂದಿದ್ದರು. ಮನೆ ತುಂಬ ಜನ, ತಲೆಗೊಂದು ಹಣ್ಣು ಬಂತು. ಆ ಒಂದು ಹಣ್ಣಿನ ರುಚಿ ಅವಳ ನಾಲಿಗೆ ಬಿಟ್ಟು ಹೋಗಲೇ ಇಲ್ಲ. ಒಂದು ದಿನವಾದರೂ ಮಡಿಲು ತುಂಬ ಇಟ್ಟುಕೊಂಡು, ಯಾರಿಗೂ ಲೆಕ್ಕ ಕೊಡದೆ, ಹೊಟ್ಟೆ ತುಂಬ ತಿನ್ನಬೇಕೆಂದು ಅವಳ ಜೀವ ಬಯಸುತ್ತಿತ್ತು.

ಟೆಂಪೋದಲ್ಲಿ ಗಿಡ ಹಾಕಿಕೊಂಡು, ಮೈಕಿನಲ್ಲಿ ಕೂಗುತ್ತ ಊರೂರು ಸುತ್ತುವ ಗೌಸ್ ಬಳಿ ಆ ದಿನ ಎರಡು ಲಿಚಿ ಸಸಿ ಇದ್ದವು.

"ಇದು ಶಾಹಿ ಅಕ್ಕ," ಎಂದ ಗೌಸ್. "ಬಿರಬಿರನೆ ಎದ್ದು ತಾರಸಿ ದಾಟ್ತದೆ. ಕೊಂಬೆ ಉದ್ದುದ್ದ ಚಾಚ್ತದೆ, ಜಾಗ ಜಾಸ್ತಿ ಬೇಕು. ಇನ್ನೊಂದು ಚೀನಾ. ಕುಳ್ಳ ಜಾತಿ, ಬೆಳೆಯೋದು ನಿಧಾನ. ಒತ್ತಾಗಿ ಕೊಂಬೆ ಬಿಟ್ಕೊಂಡು, ಕೊಡೆ ಬಿಚ್ಚಿಟ್ಟಂಗೆ ನೆಲದ ಹತ್ರಾನೇ ಕೂತ್ಕೊತದೆ. ಹಣ್ಣು ನಿಂತಲ್ಲೇ ಕೈಗೆ ಸಿಕ್ತದೆ."

ಆಮೇಲೆ ಬಂದ ಪಕ್ಕದ ಮನೆಯ ಕೃಷ್ಣಪ್ಪ, ಇನ್ನೊಂದರ ಹೆಸರನ್ನೂ ಕೇಳದೆ, ಶಾಹಿಯನ್ನು ಎತ್ತಿಕೊಂಡ. ಮಾಯಣ್ಣನ ದೊಡ್ಡಪ್ಪನ ಮಗ ಅವನು. ಆಳೂ ಎತ್ತರ, ಮನೆಯೂ ಎತ್ತರ, ಮಾತಂತೂ ಇನ್ನೂ ಎತ್ತರ. ಸರಸಮ್ಮನ ಹಿತ್ತಿಲೋ, ನೀರಿನ ತೊಟ್ಟಿಗೂ ಕಾಂಪೌಂಡಿಗೂ ನಡುವೆ ಒಂದು ಹಸು ಮಲಗುವಷ್ಟು ಜಾಗ. ಅವಳಿಗೆ ಕುಳ್ಳ ಜಾತಿಯೇ ಬೇಕಿತ್ತು. ಹೆಸರಿನ ಚೀಟಿಯನ್ನು ಅಲ್ಲೇ ಕಿತ್ತು ಒಲೆಗೆ ಹಾಕಿ, ಗಂಡ ಸಂತೆಯಿಂದ ಬರುವಷ್ಟರಲ್ಲಿ ನೆಟ್ಟು ನೀರು ಹಾಕಿದ್ದಳು.

"ಯಾವ ಜಾತಿದು ಇದು?" ಎಂದು ಕೇಳಿದ ಮಾಯಣ್ಣ.

"ಚೀ..." ಎಂದುಬಿಟ್ಟಳು ಸರಸಮ್ಮ. ತಟ್ಟನೆ ಸೆರಗನ್ನು ಮೂಗಿಗೆ ಒತ್ತಿ, ಜೋರಾಗಿ ಒಂದು ಸೀನು ಸೀನಿ, "ಸೀನ ಅಂತೆ" ಎಂದಳು.

"ಯಾವ ಸೀನ?"

"ಯಾರೋ ಸೀನಪ್ಪ ಅನ್ನೋರು ಕಸಿ ಕಟ್ಟಿದ್ದಂತೆ. ಕನಕಪುರದ ಕಡೆಯೋರು."

"ಸಾತ್ನೂರು ಸೀನಪ್ಪನಾ? ಎಮ್ಮೆ ಯಾಪಾರ ಮಾಡ್ತಿದ್ನಲ್ಲ, ಅವ್ನಾ? ಗಿಡಾನೂ ಮಾಡ್ತಾನೆ ಅನ್ನು. ಪರ್ವಾಗಿಲ್ವೆ." ಮಾಯಣ್ಣನಿಗೆ ಖುಷಿಯಾಯಿತು. ಉಳಿದ ಸುಳ್ಳನ್ನು ಅವನೇ ಪೂರ್ತಿ ಮಾಡಿಕೊಂಡದ್ದರಿಂದ ಸರಸಮ್ಮನ ಕೆಲಸ ಹಗುರಾಯಿತು.

ಆದರೆ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಮಾಯಣ್ಣನಿಗೆ ಆ ಗಿಡದ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಬೆಳಗಾದರೆ ಹಲ್ಲುಜ್ಜುತ್ತ, "ಏನ್ಲಾ ಸೀನ, ರಾತ್ರಿ ಚಳಿ ಆಯ್ತೇನ್ಲಾ" ಎಂದು ವಿಚಾರಿಸುವನು. ಬೇರು ತಂಪಾಗಿರಲೆಂದು ಲೇತಿನ ಕೆಳಗೆ ಉದುರಿದ ಹೊಟ್ಟನ್ನು ತಂದು ಬುಡಕ್ಕೆ ಹಾಸುವನು. ಸ್ವತಃ ಅವನೂ ಕುಳ್ಳ. ಗಿಡ ಎದೆಯೆತ್ತರಕ್ಕೆ ಬಂದು, ಮೇಲೆ ಏಳದೆ ಸುತ್ತಲೂ ದಟ್ಟವಾಗಿ ಹರಡಿಕೊಂಡಾಗ ಅದರಲ್ಲಿ ತನ್ನ ಮನೆತನದ ಚಹರೆಯನ್ನೇ ಕಂಡನು.

ಆಚೆ ಕಡೆ ಕೃಷ್ಣಪ್ಪನ ಶಾಹಿ ಕಾಂಪೌಂಡು ದಾಟಿ, ಕಿಟಕಿ ದಾಟಿ, ತಾರಸಿಯ ಮೇಲಕ್ಕೆ ಹೋಯಿತು. ರೇಷ್ಮೆ ಹುಳದ ಮನೆಯ ಗೊಬ್ಬರ, ದಿನವಿಡೀ ಡ್ರಿಪ್ಪಿನ ನೀರು, ಅದಕ್ಕೇನು ಕಡಿಮೆ. ತಿಂಗಳು ತಿಂಗಳಿಗೂ ಕೆಂಪು ಚಿಗುರು ತಳೆದು ಮದುಮಗಳ ಹಾಗೆ ನಿಂತಿರುತ್ತಿತ್ತು. ಅದರ ಒಂದು ಕೊಂಬೆ ಗೋಡೆ ಹಾರಿ ಬಂದು ಸೀನನ ನೆತ್ತಿಯ ಮೇಲೇ ಚಾಚಿತ್ತು.

"ನಿನ್ ಸೀನ ಇನ್ನೂ ತೆವಳ್ತಾನೇ ಅವ್ನಲ್ಲೋ ಮಾಯಣ್ಣ. ಎದ್ದು ನಿಲ್ಲೋದು ಯಾವಾಗ್ಲಾ?" ಎಂದು ಕೃಷ್ಣಪ್ಪ ಗೋಡೆಯಾಚೆಯಿಂದ ರೇಗಿಸುವನು.

"ಎತ್ರಕ್ಕೇನ್ಲಾ, ನೀಲಗಿರಿನೂ ಬೆಳೀತದೆ. ಹಣ್ಣು ಬುಡ್ತದಾ?" ಎಂದು ಮಾಯಣ್ಣ ಈಚೆಯಿಂದ ಬಿಡುವನು.

ಸರಸಮ್ಮನಿಗೆ ಮಾತ್ರ ಗೌಸನ ಮೈಕು ಕೇಳಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಅವನು ಒಳಗೆ ಬಂದು ಗಿಡದ ಹೆಸರು ಹೇಳಿಬಿಟ್ಟರೆ ಮುಗಿಯಿತು. ಗರಗಸ ಅಟ್ಟದಲ್ಲಿಲ್ಲ, ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ. ಒಲೆ ಮೇಲೆ ಏನಿದ್ದರೂ ಬಿಟ್ಟು ಬೀದಿಗೆ ಓಡಿ, ಟೆಂಪೋ ತಡೆದು, ಒಂದು ಕರಿಬೇವಿನ ಸಸಿ ಕೊಂಡು ಅವನನ್ನು ಅಲ್ಲಿಂದಲೇ ಸಾಗಹಾಕುವಳು. ಹಿತ್ತಿಲಲ್ಲಿ ಜಾಗ ಸಾಲದೆ ಬಕೆಟ್ಟಿನಲ್ಲಿ, ಒಡೆದ ಕೊಡದಲ್ಲಿ, ಹಳೇ ಪೇಂಟು ಡಬ್ಬದಲ್ಲಿ ಕರಿಬೇವು ಎದ್ದು ನಿಂತಿತು. "ಸಾರ್ನಲ್ಲಿ ಬೇಳೆ ಹುಡುಕ್ಬೇಕಲ್ಲ ಸರಸು," ಎಂದು ಮಾಯಣ್ಣ ಎಲೆ ಆರಿಸಿ ಆರಿಸಿ ಸುಸ್ತಾದ.

ಹೀಗೇ ನಾಲ್ಕೈದು ವರ್ಷ ಕಳೆದ ಮೇಲೆ ಒಂದು ವರ್ಷ ಚಳಿ ಚೆನ್ನಾಗಿ ಬಿತ್ತು. ಸಂಕ್ರಾಂತಿ ಹೊತ್ತಿಗೆ ಸೀನನ ಕೊಂಬೆ ಕೊಂಬೆಯ ತುದಿಯಲ್ಲೂ ಹೂಗೊಂಚಲು. ಯುಗಾದಿ ಕಳೆದು, ಊರಲ್ಲೆಲ್ಲ ಮಾವು ಇಳಿಸುವ ಕಾಲಕ್ಕೆ, ಹಣ್ಣಿನ ಭಾರಕ್ಕೆ ಕೊಂಬೆಗಳು ನೆಲ ಮುಟ್ಟಿದವು. ಶಾಹಿ ಮಾತ್ರ ಎಂದಿನಂತೆ ಕೆಂಪಗೆ ಚಿಗುರಿ, ಒಂದು ಹೂವನ್ನೂ ಬಿಡದೆ ಸುಮ್ಮನಿತ್ತು.

ಮಾಯಣ್ಣ ಅರ್ಧ ಬೀದಿಯನ್ನೇ ಹಿತ್ತಿಲಿಗೆ ಕರೆದ. ಮೊದಲು ದೇವರಿಗೆ, ಆಮೇಲೆ ಬಂದವರಿಗೆ ಎಂದು ಸರಸಮ್ಮ ತಟ್ಟೆ ಹಿಡಿದು ಓಡಾಡಿದಳೇ ಹೊರತು ಒಂದು ಹಣ್ಣೂ ಬಾಯಿಗೆ ಹಾಕಿರಲಿಲ್ಲ. ಮಾಯಣ್ಣ ದೊಡ್ಡದೊಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡು, "ಸಾತ್ನೂರು ಸೀನಪ್ಪನ ಕೈಗುಣ ಇದು" ಎಂದು ಭಾಷಣ ಶುರು ಮಾಡಿದ್ದ.

ಅಷ್ಟರಲ್ಲಿ ಕೃಷ್ಣಪ್ಪ ಗೌಸನ ರಟ್ಟೆ ಹಿಡಿದು ಒಳಗೆ ಕರೆತಂದ. ತನ್ನ ಮರ ಯಾಕೆ ಬಂಜೆ ಎಂದು ಜಗಳ ತೆಗೆಯಲು ಫೋನು ಮಾಡಿ ಕರೆಸಿದ್ದನಂತೆ. ಮೈಕಿಲ್ಲದೆ ಬಂದದ್ದರಿಂದ ಸರಸಮ್ಮನಿಗೆ ಸುಳಿವೇ ಸಿಗಲಿಲ್ಲ.

"ಚಳಿಗೆ ಮುಂಚೆ ನೀರು ನಿಲ್ಲಿಸ್ಬೇಕಿತ್ತು ಅಣ್ಣ," ಎನ್ನುತ್ತಿದ್ದ ಗೌಸ್. "ನೀರು ಗೊಬ್ಬರ ಸುರೀತಾನೇ ಇದ್ರೆ ಅದು ಚಿಗುರ್ತಾನೇ ಇರ್ತದೆ, ಹೂವು ಎಲ್ಲಿ ಬಿಡ್ತದೆ? ಇಲ್ನೋಡಿ, ಚೀನಾ ಹೆಂಗೆ ಬಿಟ್ಟದೆ."

ಎಲ್ಲರೂ ಮಾಯಣ್ಣನ ಕಡೆ ತಿರುಗಿದರು. ಅವನ ಕೆನ್ನೆ ಹಣ್ಣಿನಿಂದ ಉಬ್ಬಿತ್ತು. ಉಗುಳಿದರೆ ರುಚಿ ಹೋಗುತ್ತದೆ, ನುಂಗಿದರೆ ಮಾನ ಹೋಗುತ್ತದೆ. ರಸ ಗಲ್ಲಕ್ಕಿಳಿಯಿತು.

"ಬಾಯಲ್ಲಿರೋದು ಯಾವ ದೇಶದ್ದ್ಲಾ ಮಾಯಣ್ಣ?" ಎಂದ ಕೃಷ್ಣಪ್ಪ.

ಮಾಯಣ್ಣ ನಿಧಾನವಾಗಿ ಅಗಿದು ನುಂಗಿದ. ಬೀಜವನ್ನು ಅಂಗೈಗೆ ತೆಗೆದು ನೋಡಿದ. ಒಳಗೆ ಹೋಗಿ ಗರಗಸ ಹಿಡಿದು ಬಂದ.

ಸರಸಮ್ಮ ತಟ್ಟೆ ಕೆಳಗಿಟ್ಟು ಗಿಡಕ್ಕೆ ಅಡ್ಡ ನಿಂತಳು. "ಕುಯ್ಯೋದಾದ್ರೆ ಆಮೇಲೆ ಕುಯ್ಯೀರಂತೆ. ನಾನಿನ್ನೂ ಒಂದೂ ತಿಂದಿಲ್ಲ," ಎಂದಳು.

"ಒಸಿ ಸರ್ಕೋ."

ಅವಳು ಜಗ್ಗಲಿಲ್ಲ. ಅವನೇ ಅವಳನ್ನು ಬಳಸಿ ಹೋಗಿ, ನೀರಿನ ತೊಟ್ಟಿ ಹತ್ತಿ, ಗೋಡೆ ಹಾರಿ ಬಂದಿದ್ದ ಶಾಹಿಯ ಕೊಂಬೆಗೆ ಗರಗಸ ಇಟ್ಟ.

"ಲೇ, ಅದು ನಂದ್ಲಾ," ಎಂದ ಕೃಷ್ಣಪ್ಪ.

"ಆಚೆಗಿರೋದು ನಿಂದು. ಈಚೆಗೆ ಬಂದಿರೋದು ನಮ್ಮ ಸೀನಂಗೆ ನೆಳ್ಳು ಮಾಡ್ತದೆ." ಕೊಂಬೆ ದಡಾರನೆ ಬಿತ್ತು.

ಗೌಸ್ ಬಾಯಿ ತೆರೆದ. "ಸೀನ ಅಲ್ಲ ಅಣ್ಣ, ಚೀ..."

"ಸೀನ," ಎಂದ ಮಾಯಣ್ಣ, ಮೇಲಿನಿಂದಲೇ. "ನಿನ್ ನಾಲ್ಗೆ ಹೊರಳ್ದೆ ಇದ್ರೆ ಸುಮ್ಕಿರು. ಎತ್ತಾಡ್ಸಿದ ಮಗನ ಹೆಸ್ರು ಈಗ ಬದ್ಲಾಯ್ಸಾಕಾಯ್ತದಾ?"

ಜನ ಚದುರಿದ ಮೇಲೆ ಅವನೇ ಗೊಂಚಲು ಗೊಂಚಲು ಮುರಿದು ತಂದು ಸರಸಮ್ಮನ ಮಡಿಲಿಗೆ ಸುರಿದ. ಅವಳು ಒಂದರ ಹಿಂದೆ ಒಂದು ಸುಲಿದು ತಿಂದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮಾಯಣ್ಣ ಪಕ್ಕದಲ್ಲಿ ಕೂತು ಬೀಜಗಳನ್ನು ಆಯ್ದು ಜೋಡಿಸುತ್ತಿದ್ದ.

"ಅಲ್ಲ ಸರಸು, ಆ ಸಾತ್ನೂರು ಸೀನಪ್ಪ..."

ಸರಸಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಜೋರಾಗಿ ಸೀನಿದಳು.

"ಸೀನಿದ್ದು ಸಾಕು," ಎಂದ ಮಾಯಣ್ಣ, ಇನ್ನೊಂದು ಹಣ್ಣು ಸುಲಿದು ಕೊಡುತ್ತ. "ತಿನ್ನು."