ಸೋದರಮಾವನ ಪುಡಿ ನನ್ನ ಹೊಟ್ಟೆಗೆ ಬಂದಾಗ

ನಾನು ಒಂದು ಗಾಜಿನ ಉಪಕರಣ. ಪ್ರಯೋಗಾಲಯದವರು ನನ್ನನ್ನು ಸಾಕ್ಸ್‌ಲೆಟ್ ಎನ್ನುತ್ತಾರೆ. ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ, ಗ್ಯಾಸಿನ ಜ್ವಾಲೆಯ ಮುಂದೆ ಕೂತು ಅನ್ವರ್ ಸಾಹೇಬರು ನನ್ನನ್ನು ಊದಿ ಮಾಡಿದರು. ಮೊದಲು ಉದ್ದನೆಯ ಹೊಟ್ಟೆ ಬಂತು, ಆಮೇಲೆ ಅದರ ಪಕ್ಕಕ್ಕೆ ಬಾಗಿದ ಸಪೂರ ಕೊಳವೆ. ಆ ಕೊಳವೆ ಬಾಗಿಸುವಾಗ ಅವರು ಯಾರ ಜೊತೆಗೂ ಮಾತಾಡಲಿಲ್ಲ.

ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ಗದಗಿನ ಒಂದು ಔಷಧ ವಿಜ್ಞಾನ ಕಾಲೇಜಿಗೆ ಬಂದೆ. ನನ್ನ ಕೆಲಸ ಸರಳ. ಗಿಡಮೂಲಿಕೆಯ ಪುಡಿಯನ್ನು ಕಾಗದದ ಚೀಲದಲ್ಲಿ ಕಟ್ಟಿ ನನ್ನ ಹೊಟ್ಟೆಯಲ್ಲಿಡುತ್ತಾರೆ. ಕೆಳಗೆ ಆಲ್ಕೋಹಾಲ್ ಕುದಿಯುತ್ತದೆ. ಅದರ ಆವಿ ಮೇಲೇರಿ, ತಣ್ಣಗಾಗಿ, ಹನಿಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ. ಹೊಟ್ಟೆ ತುಂಬಿದ ಕೂಡಲೇ ಸಾರವೆಲ್ಲ ಪಕ್ಕದ ಕೊಳವೆಯಿಂದ ಸರ್ರನೆ ಕೆಳಗಿಳಿಯುತ್ತದೆ. ಮತ್ತೆ ಹನಿ, ಮತ್ತೆ ತುಂಬು. ಲಕ್ಕಿ ಸೊಪ್ಪು, ನೆಲಬೇವು, ಅಮೃತಬಳ್ಳಿ ಎಲ್ಲವೂ ನನ್ನೊಳಗೆ ಬಂದು ಹೋದವು.

ಸಂಶೋಧನೆಗೆ ಸೇರಿದ ನೀಲಗಂಗಾ ಒಂದು ದಿನ ಪುಡಿಯ ಪೊಟ್ಟಣ ತಂದಳು. ಅದು ಅವಳ ಸೋದರಮಾವ ಅಡಿವೆಪ್ಪನದು. ಕಪ್ಪತಗುಡ್ಡದ ಅಡಿಯ ಹಳ್ಳಿಯಲ್ಲಿ ಅವನು ನಾಟಿ ವೈದ್ಯ. ಗುಡ್ಡದ ಬೇರಿನಿಂದ ಮಾಡಿದ ಅವನ ಮಂಡಿನೋವಿನ ಪುಡಿಗೆ ದೂರದೂರದ ಜನ ಬರುತ್ತಿದ್ದರು. ತಂದೆಯಿಲ್ಲದ ನೀಲಗಂಗಾಳನ್ನು ಸಾಕಿ ಓದಿಸಿದವನೂ ಅವನೇ. ಮಾವನ ಪುಡಿಯ ಗುಣವನ್ನು ಲೋಕಕ್ಕೆ ತೋರಿಸಬೇಕೆಂಬುದೇ ಅವಳ ಆಸೆ.

ನಾನು ಇಳಿಸಿಕೊಟ್ಟ ಸಾರವನ್ನು ಅವಳು ಬಿಳಿ ಲೇಪದ ಪಟ್ಟಿಯ ಮೇಲೆ ಚುಕ್ಕೆಯಾಗಿ ಇಟ್ಟಳು. ಪಟ್ಟಿಯ ತುದಿಯನ್ನು ದ್ರವದಲ್ಲಿ ನಿಲ್ಲಿಸಿದರೆ ಸಾರದೊಳಗಿನ ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ನೇರಳೆ ದೀಪದಡಿ ಹಿಡಿದಾಗ, ಬೇರಿನ ಸಾರದಲ್ಲಿ ಇರಬಾರದ ಕಪ್ಪು ಕಲೆಯೊಂದು ಕಂಡಿತು. ನೀಲಗಂಗಾ ಪಟ್ಟಿಯನ್ನು ಮತ್ತೊಮ್ಮೆ ದೀಪದಡಿ ಹಿಡಿದಳು. ಅವಳ ತಾಯಿಯೂ ಅದೇ ಪುಡಿ ತಿನ್ನುತ್ತಿದ್ದಳು. ಅವ್ವನ ಮುಖ ಗುಂಡಗಾಗಿತ್ತು. ನೋವು ಹೋಗಿ ಮೈಕೈ ತುಂಬಿಕೊಂಡಿದ್ದಾಳೆ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ನೋವು ಬೇಗ ಇಳಿಸುವ ಸ್ಟಿರಾಯ್ಡ್ ಮಾತ್ರೆಯನ್ನು ಬಹಳ ದಿನ ತಿಂದರೂ ಮುಖ ಹೀಗೇ ಊದುತ್ತದೆ. ಮರುದಿನ ನೀಲಗಂಗಾ ಪುಡಿಯ ಸಾರದ ಪಕ್ಕದಲ್ಲೇ ಸ್ಟಿರಾಯ್ಡ್ ಮಾತ್ರೆಯ ಚುಕ್ಕೆ ಇಟ್ಟು ನೋಡಿದಳು. ಎರಡೂ ಒಂದೇ ಎತ್ತರಕ್ಕೆ ಏರಿ ನಿಂತವು. ಧಾರವಾಡದ ಪ್ರಯೋಗಾಲಯಕ್ಕೆ ಕಳಿಸಿದಾಗ ಅಲ್ಲಿನ ದೊಡ್ಡ ಯಂತ್ರವೂ ಅದನ್ನೇ ಹೇಳಿತು.

ಅವಳು ಊರಿಗೆ ಹೋಗಿ ಹೇಳಿದಾಗ ಮಾವ ಸಿಟ್ಟಾದನಂತೆ. ತನ್ನ ಕೈಗುಣವನ್ನೇ ಸುಳ್ಳೆನ್ನುತ್ತೀಯಾ ಎಂದು ಕೇಳಿ, ಊಟ ಬಿಟ್ಟು ಎದ್ದನಂತೆ. ಆದರೆ ಆ ವಾರವೇ ಕಾಲೇಜಿಗೆ ಬಂದ. ಒಂದು ಕೈಯಲ್ಲಿ ತಾನೇ ಅಗೆದು ತಂದ ಬೇರು, ಇನ್ನೊಂದರಲ್ಲಿ ಪೊಟ್ಟಣ.

"ಎರಡನೂ ನನ್ನ ಕಣ್ಣೆದುರಿಗೇ ನೋಡವಾ," ಎಂದ.

ಬೇರಿನ ಸಾರ ಇಳಿಯುವವರೆಗೂ, ಪುಡಿಯ ಸಾರ ಇಳಿಯುವವರೆಗೂ ಅವನು ನನ್ನೆದುರು ಕದಲದೆ ಕೂತಿದ್ದ. ಕೊಳವೆಯಲ್ಲಿ ರಸ ಜಾರಿದಾಗಲೆಲ್ಲ ಬಗ್ಗಿ ನೋಡುತ್ತಿದ್ದ. ದೀಪದಡಿ ಪುಡಿಯ ಸಾಲಿನಲ್ಲಿ ಆ ಕಲೆ ಇತ್ತು, ಬೇರಿನ ಸಾಲಿನಲ್ಲಿ ಇರಲಿಲ್ಲ. ಅಡಿವೆಪ್ಪ ಪೊಟ್ಟಣವನ್ನು ಮಡಿಸಿಟ್ಟು ನಡೆದದ್ದನ್ನು ಹೇಳಿದ. ಜನ ಹೆಚ್ಚಾದಂತೆ ಗುಡ್ಡದ ಬೇರು ಸಾಲದಾಗಿತ್ತು. ಪೇಟೆಯ ಒಬ್ಬ ವ್ಯಾಪಾರಿ ಸಿದ್ಧಪುಡಿ ಕೊಡತೊಡಗಿದ್ದ. ಅದನ್ನು ಬೆರೆಸಿದ ಮೇಲೆ ಗುಣ ಬೇಗ ಕಾಣುತ್ತಿತ್ತು. ಅದಕ್ಕೇ ಅದರಲ್ಲೇನಿದೆ ಎಂದು ಅವನು ವ್ಯಾಪಾರಿಯನ್ನು ಕೇಳಿರಲಿಲ್ಲ.

"ಇವತ್ತ ಎಲ್ಲಾ ಪುಡಿ ಒಲಿಗೆ ಹಾಕತೀನಿ," ಎಂದ.

"ಹಾಕು ಮಾಮಾ. ಆದರ ತಿನ್ನೋರು ಒಮ್ಮಿಗೇ ಬಿಟ್ಟರ ಜೀವಕ್ಕ ಅಪಾಯ ಐತಿ. ಡಾಕ್ಟರು ನೋಡಿ ಸಾವಕಾಶ ಬಿಡಿಸಬೇಕು. ಅವ್ವಗೂ ಹಂಗ."

"ಹಂಗಾದರ ಮನಿಮನಿಗೆ ಹೋಗಿ ನಾನ ಹೇಳತೀನಿ. ಕೊಟ್ಟಾಂವ ನಾನ ಅಲ್ಲೇನು?"

ಅವನು ಹೋಗಿ ಹೇಳಿದ. ಕೆಲವರು ಬೈದರು, ಒಬ್ಬ ಮುದುಕಿ ಅವನ ಮುಂದೆಯೇ ಬಾಗಿಲು ಹಾಕಿದಳು. ಹಲವರನ್ನು ಅವನೇ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತಂದ. ನೀಲಗಂಗಾಳ ತಾಯಿಯ ಮುಖ ನಿಧಾನಕ್ಕೆ ಮೊದಲಿನಂತಾಯಿತು, ಮಂಡಿನೋವೂ ಮರಳಿತು. ವ್ಯಾಪಾರಿಯ ಮೇಲೆ ದೂರು ಹೋಯಿತು, ಅಂಗಡಿಗೆ ಬೀಗ ಬಿತ್ತು. ಅಡಿವೆಪ್ಪನ ಅಂಗಳದಲ್ಲಿ ಮೊದಲಿನ ಗದ್ದಲ ಮತ್ತೆ ಕಾಣಲಿಲ್ಲ. ಬಂದವರಿಗೆ ಅವನು ಬೇರಿನ ಕಷಾಯವನ್ನಷ್ಟೇ ಕೊಟ್ಟು, ನೋವು ಪೂರ್ತಿ ಹೋಗುವುದಿಲ್ಲ ಎಂದು ಮೊದಲೇ ಹೇಳುತ್ತಿದ್ದ. ನೀಲಗಂಗಾಳ ಪ್ರಬಂಧವೂ ಆ ಬೇರಿನದೇ ಆಯಿತು. ಊತವನ್ನು ಅದು ಸ್ವಲ್ಪ ಇಳಿಸುತ್ತದೆ ಎಂದು ಬರೆದಳು. ಅದಕ್ಕಿಂತ ಹೆಚ್ಚು ಬರೆಯಲಿಲ್ಲ.

ವರ್ಷಗಳು ಕಳೆದವು. ಹೊಸ ಯಂತ್ರಗಳು ಬಂದವು. ಒಮ್ಮೆ ತೊಳೆಯುವಾಗ ನಲ್ಲಿಗೆ ತಾಗಿ ನನ್ನ ಸಪೂರ ಕೊಳವೆ ಮುರಿಯಿತು. ಈಗ ಗಾಜಿನ ಬೀರುವಿನ ಮೇಲಿನ ಹಲಗೆಯಲ್ಲಿ ಇದ್ದೇನೆ. ನೀಲಗಂಗಾ ಇಲ್ಲೇ ಪಾಠ ಹೇಳುತ್ತಾಳೆ.

ನನ್ನೊಳಗೆ ಯಾವ ಗಿಡದ ವಾಸನೆಯೂ ಉಳಿದಿಲ್ಲ. ತೊಳೆದಾಗ ಎಲ್ಲ ಹೋಗುತ್ತದೆ, ಗಾಜಿನ ಗುಣವೇ ಅದು. ಆದರೂ ಅಡಿವೆಪ್ಪ ಅವತ್ತು ಹೊರಟ ರೀತಿ ನೆನಪಿದೆ. ಬಾಗಿಲ ಬಳಿ ಚಪ್ಪಲಿ ಮೆಟ್ಟಿ, ರುಮಾಲು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ. ಯಾರ ಮನೆಗೆ ಮೊದಲು ಹೋಗುವುದೆಂದು ತನ್ನಷ್ಟಕ್ಕೇ ಒಂದೊಂದೇ ಹೆಸರು ಹೇಳಿಕೊಳ್ಳುತ್ತ ಮೆಟ್ಟಿಲಿಳಿದು ಹೋದ.