ಹೊಸ್ತಿಲು ದಾಟಿದ ಹಾಲು

ಟ್ಯೂಬಿನ ತಳದಲ್ಲಿ ಕಪ್ಪು ಪುಡಿ ಕೂತಿತ್ತು. ಧನುಶ್ರೀ ಅದನ್ನು ಬೆಳಕಿಗೆ ಹಿಡಿದಳು. ಮೇಲಿನ ಚೀಟಿಯನ್ನು ಎರಡು ಸಲ ಓದಿದಳು. ಮೋನಿಕಾಳ ಎದೆಹಾಲೇ.

ಗಂಟು ಕೈಗೆ ಸಿಗುವ ಮೊದಲೇ ಎದೆಹಾಲಿನಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನುಗಳನ್ನು ಹುಡುಕುವುದು ಧನುಶ್ರೀ ಇದ್ದ ಹೆಬ್ಬಾಳದ ಲ್ಯಾಬಿನ ಕೆಲಸ. ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿತ್ತು. ಫಲಿತಾಂಶವನ್ನು ತಾಯಂದಿರಿಗೆ ಹೇಳುವಂತಿರಲಿಲ್ಲ. ಆದರೆ ಮೋನಿಕಾಳ ತಾಯಿ ಮೂವತ್ತಾರನೇ ವಯಸ್ಸಿಗೇ ಈ ಕಾಯಿಲೆಯಿಂದ ತೀರಿಕೊಂಡಿದ್ದರು. ಫಲಿತಾಂಶ ಏನಾಯಿತೆಂದು ಅವಳು ದಿನವೂ ಫೋನ್ ಮಾಡುತ್ತಿದ್ದಳು. ಹೋದ ವಾರ ಧನುಶ್ರೀ ತಡೆಯಲಾರದೆ, ಏನೂ ಸಿಕ್ಕಿಲ್ಲ ಎಂದುಬಿಟ್ಟಿದ್ದಳು. ಈಗ ಅಂಕಿಗಳನ್ನು ಮತ್ತೆ ನೋಡಿದರೆ, ಯಾವ ಹಾಲಿನಲ್ಲೂ ಇರಲೇಬೇಕಾದ ಪ್ರೋಟೀನುಗಳೂ ಅರ್ಧಕ್ಕಿಂತ ಕಡಿಮೆಯಿದ್ದವು. ಏನೋ ಅವನ್ನು ಹೀರಿಕೊಂಡಿತ್ತು.

ಮಧ್ಯಾಹ್ನ ಅವಳು ಶೆಟ್ಟಿಹಳ್ಳಿಯ ಮನೆಗೆ ಹೋದಾಗ ಮೋನಿಕಾ ಮಗುವಿಗೆ ಹಾಲೂಡಿಸುತ್ತಿದ್ದಳು. ಅತ್ತೆ ಲಕ್ಷ್ಮಿದೇವಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಲ್ಯಾಬಿಗೆ ಹಾಲು ಕಳಿಸಿದ ಬಾಟಲಿಗೆ ಏನಾದರೂ ಹಾಕಿದ್ದಿರಾ ಎಂದು ಧನುಶ್ರೀ ಕೇಳಿದಳು.

"ಒಂದ್ ಚಿಟಿಕೆ ಇದ್ಲು ಪುಡಿ ಹಾಕ್ದೆ ಕಣವ್ವ," ಎಂದರು ಲಕ್ಷ್ಮಿದೇವಮ್ಮ. "ಎದೆಹಾಲು ಹೊಸ್ಲು ದಾಟ್ವಾಗ ಇಂಗೇ ಬರೀದು ಕಳ್ಸಕ್ಕಾಯ್ತದಾ? ದೃಷ್ಟಿಯಾಗಿ ಬತ್ತೋದ್ರೆ ಮಗೀಗೆ ನಿಮ್ ಲ್ಯಾಬ್ನೋರು ಬಂದು ಕುಡಿಸ್ತಾರಾ?"

ಹುಡುಕುತ್ತಿದ್ದುದನ್ನೇ ಇದ್ದಿಲು ಹೀರಿಕೊಂಡಿದೆ, ಆ ಫಲಿತಾಂಶಕ್ಕೆ ಅರ್ಥವಿಲ್ಲ ಎಂದು ಧನುಶ್ರೀ ನಿಧಾನವಾಗಿ ಬಿಡಿಸಿ ಹೇಳಿದಳು.

"ಅಂದ್ರೆ ನಂಗೆ ಏನೂ ಇಲ್ಲ ಅಂತಲ್ಲ," ಎಂದಳು ಮೋನಿಕಾ.

"ಗೊತ್ತಿಲ್ಲ ಅಂತ. ಸರಿಯಾಗಿ ಬಂದಿದ್ರೂ ಅದನ್ನ ನಂಬ್ಕೊಂಡಿರೋ ಹಾಗಿರ್ಲಿಲ್ಲ. ನಾನು ಹೇಳ್ಬಾರ್ದಿತ್ತು, ಮೋನಿಕಾ."

"ನೀವು ಹೇಳಿದ್ರಿ ಅಂತ ಆಸ್ಪತ್ರೇಲಿ ಬುಕ್ ಮಾಡ್ಸಿದ್ದ ಎದೆ ಸ್ಕ್ಯಾನ್ ಕ್ಯಾನ್ಸಲ್ ಮಾಡ್ಸಿದೆ, ಮೇಡಂ."

ಲಕ್ಷ್ಮಿದೇವಮ್ಮನ ಕೈ ನಿಂತಿತು. ಹಾಲಿನ ಪರೀಕ್ಷೆ ಆಮೇಲೆ ನೋಡೋಣ, ಮೊದಲು ಸ್ಕ್ಯಾನ್ ಎಂದು ಧನುಶ್ರೀ ಹೇಳುವಷ್ಟರಲ್ಲಿ ಮೋನಿಕಾ ಮಗುವನ್ನು ಬಿಡಿಸಿ ಅತ್ತೆಯ ಕೈಗೆ ಕೊಟ್ಟು ಆಸ್ಪತ್ರೆಗೆ ಫೋನ್ ಮಾಡಿದಳು. ನಾಲ್ಕು ಗಂಟೆಗೆ ಬನ್ನಿ ಎಂದರು. ಧನುಶ್ರೀ ಆಟೋ ಬುಕ್ ಮಾಡಿದಳು. ಅರ್ಧ ಹೊಟ್ಟೆಗೆ ಕುಡಿದಿದ್ದ ಮಗು ಕಿರುಚತೊಡಗಿತು. ಲಕ್ಷ್ಮಿದೇವಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಎರಡು ಸುತ್ತು ತಿರುಗಿದರು. ಸೊಸೆಯ ಮುಖ ನೋಡಲಿಲ್ಲ.

"ಇನ್ನೊಂದೀಟು ಕುಡ್ಸೋಗು," ಎಂದರು ಕೊನೆಗೆ. "ನಾನೂ ಬತ್ತೀನಿ."

ಮೋನಿಕಾ ಧನುಶ್ರೀಯ ಕಡೆ ನೋಡಿದಳು. ಕುಡಿಸಬಹುದು ಎಂಬಂತೆ ಧನುಶ್ರೀ ತಲೆಯಾಡಿಸಿದಳು.

ಆಟೋ ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಕಣ್ಣು ಮುಚ್ಚಿ ಕುಡಿಯುತ್ತಿದ್ದ ಮಗುವಿನ ಅಂಗೈ ತಾಯಿಯ ಎದೆಯ ಮೇಲೆ ಮುಚ್ಚಿಕೊಂಡು, ಬಿಚ್ಚಿಕೊಂಡು, ಮತ್ತೆ ಮುಚ್ಚಿಕೊಳ್ಳುತ್ತಿತ್ತು.